ಉಮ್ಮನಿಗೆ ಬದ್ರ್ ನೋಡಬೇಕಿತ್ತು

ಉಮ್ರಾಕ್ಕೆ, ಅಂದರೆ ಮಕ್ಕಾ ಯಾತ್ರೆಗೆ, ಹೊರಡುವ ಮೂರು ವಾರ ಮೊದಲು ಗ್ರೂಪಿನವರು ಒಂದು ಹಾಳೆ ಕೊಟ್ಟರು. ಮಕ್ಕಾದಲ್ಲಿ ಎಷ್ಟು ದಿನ, ಮದೀನಾದಲ್ಲಿ ಎಷ್ಟು ದಿನ, ಪುಣ್ಯಸ್ಥಳ ತೋರಿಸುವ ಝಿಯಾರತ್ ಬಸ್ ಯಾವತ್ತು ಅಂತ ಅದರಲ್ಲಿತ್ತು. ಉಳ್ಳಾಲದ ಮನೆಯ ಚಾವಡಿಯಲ್ಲಿ ಕೂತು ಉಮ್ಮನಿಗೆ ಓದಿ ಹೇಳಿದೆ. ಅರಫಾ, ಮಿನಾ, ಮುಝ್ದಲಿಫಾ, ಹಿರಾ ಗುಹೆಯ ಬೆಟ್ಟ, ಸೌರ್ ಬೆಟ್ಟ. ಮದೀನಾದಲ್ಲಿ ಕುಬಾ, ಉಹುದ್, ಖಿಬ್ಲತೈನ್ ಮಸೀದಿ, ಖಂದಕ್. ಉಮ್ಮ ಹರಿವೆ ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಬದ್ರ್ ಇಲ್ವಾ?" ಅಂದರು.

ಇರಲಿಲ್ಲ. ಬದ್ರ್ ಮದೀನಾದಿಂದ ಸುಮಾರು 150 ಕಿಲೋಮೀಟರ್. ಹೋಗಿ ಬರಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಕೇಳಿದ್ದಕ್ಕೆ ಗ್ರೂಪಿನವರು ಆಗುವುದಿಲ್ಲ ಅಂದರು. ಉಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

ಉಮ್ಮನಿಗೆ 71. ಕನ್ನಡ ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ ಮಾತ್ರ. ಆದರೆ ಬದ್ರ್ ಯುದ್ಧದ ಕಥೆ ನಾವು ಮಕ್ಕಳು ಕೇಳಿದ್ದು ಅವರ ಬಾಯಿಂದಲೇ. ಹಿಜರಿ 2, ರಂಝಾನ್ 17. ಇಸವಿ ಲೆಕ್ಕದಲ್ಲಿ 624. ಮಕ್ಕಾದವರ ಎದುರು ಮುಸ್ಲಿಮರ ಕಡೆ 300ಕ್ಕಿಂತ ಸ್ವಲ್ಪ ಜಾಸ್ತಿ ಜನ, 70 ಒಂಟೆ, ಎರಡೇ ಎರಡು ಕುದುರೆ. ಒಂದು ಒಂಟೆಗೆ ಮೂರು ಜನರ ಸರದಿ. ಪ್ರವಾದಿಯವರೂ ತಮ್ಮ ಸರದಿ ಮುಗಿದಾಗ ಇಳಿದು ನಡೆದರು. ಈ 'ಇಳಿದು ನಡೆದರು' ಅನ್ನುವಲ್ಲಿ ಉಮ್ಮ ಯಾವಾಗಲೂ ಒಂದು ಕ್ಷಣ ನಿಲ್ಲಿಸುತ್ತಿದ್ದರು.

ನಾನು ನೋಟ್‌ಬುಕ್ ತೆಗೆದೆ. ಗ್ರೂಪಿನ ಜೊತೆ ಎಲ್ಲಿಗೆ ಹೋಗುವುದು, ನಾವೇ ಎಲ್ಲಿಗೆ ಹೋಗುವುದು ಅಂತ ಎರಡು ಪುಟ ಮಾಡಿದೆ. ತರಬೇತಿಯ ದಿನ ಉಸ್ತಾದರು ಹೇಳಿದ ಒಂದು ಮಾತು ಇದಕ್ಕೆ ತುಂಬಾ ಸಹಾಯವಾಯಿತು. ಇಹ್ರಾಂ (ಯಾತ್ರೆಯ ಸಂಕಲ್ಪ), ತವಾಫ್ (ಕಅಬಾಕ್ಕೆ ಸುತ್ತು), ಸಅಯ್ (ಸಫಾ, ಮರ್ವಾ ಗುಡ್ಡಗಳ ನಡುವಿನ ನಡಿಗೆ), ಆಮೇಲೆ ಕೂದಲು ತೆಗೆಯುವುದು. ಇಷ್ಟಾದರೆ ಉಮ್ರಾ ಆಯಿತು. ಈ ಜಾಗಗಳನ್ನು ನೋಡದಿದ್ದರೆ ಉಮ್ರಾಕ್ಕೆ ಕೊರತೆ ಏನಿಲ್ಲ. ಹಾಗಾದರೆ ಎಲ್ಲವನ್ನೂ ನೋಡಿ ಮುಗಿಸುವ ಅವಸರ ಯಾಕೆ? ಉಮ್ಮನ ಮನಸ್ಸಿನಲ್ಲಿ ಮೊದಲೇ ಇರುವ ಜಾಗಗಳಿಗೆ, ಉಮ್ಮನ ಕಾಲಿನ ವೇಗದಲ್ಲಿ ಹೋದರೆ ಸಾಕು ಅಂತ ತೀರ್ಮಾನ ಮಾಡಿದೆ.

ಪ್ರವಾದಿಯವರು ಧ್ಯಾನಕ್ಕೆ ಕೂರುತ್ತಿದ್ದ ಹಿರಾ ಗುಹೆಯನ್ನು ನನ್ನ ಪುಟದಿಂದ ನಾನೇ ಹೊಡೆದು ಹಾಕಿದೆ. ನನಗೆ ಹತ್ತಬೇಕೆಂದು ತುಂಬಾ ಆಸೆ ಇತ್ತು. ಆದರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಉಮ್ಮನ ಎಡ ಮೊಣಕಾಲು ಒಪ್ಪುವುದಿಲ್ಲ. ಅವರನ್ನು ಕೆಳಗೆ ಕೂರಿಸಿ ನಾನು ಹತ್ತುವುದು ನನಗೆ ಬೇಡ. ಬುಡದಲ್ಲಿ ನಿಂತು ಮೇಲೆ ನೋಡಿದೆವು. "ಖದೀಜಾ ಬೀವಿ ಇದನ್ನು ಊಟ ಹಿಡಿದುಕೊಂಡು ಹತ್ತಿದವರು" ಅಂತ ಉಮ್ಮ ಹೇಳಿದರು. ಖದೀಜಾ ಅಂದರೆ ಪ್ರವಾದಿಯವರ ಪತ್ನಿ. ಇಲ್ಲಿ ನಿಂತು ನೋಡಿದರೆ ಆ ಮಾತಿನ ಭಾರವೇ ಬೇರೆ.

ಮಕ್ಕಾದಿಂದ ಮದೀನಾಕ್ಕೆ ನಾವು ಮೂವರು, ಅಂದರೆ ಉಮ್ಮ, ನಾನು, ನನ್ನ ಗಂಡ, ರೈಲಿನಲ್ಲಿ ಹೋದೆವು. ಬಸ್ಸಿನಲ್ಲಿ ಐದಾರು ಗಂಟೆ, ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಮೇಲೆ. ಖರ್ಚು ಜಾಸ್ತಿ, ಆದರೆ ಉಮ್ಮನ ಕಾಲು ಊದಲಿಲ್ಲ. ಸ್ಟೇಷನ್‌ನಲ್ಲಿ ಇಳಿದ ಕೂಡಲೇ ಉಮ್ಮ, "ತಂಙಳರ ಊರಿಗೆ ಬಂದೆವು" ಅಂದರು. ನಮ್ಮ ಉಳ್ಳಾಲ ದರ್ಗಾದ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ತಂಙಳ್ ಮದೀನಾದಿಂದ ಬಂದವರು. ಮದನಿ ಅಂದರೆ ಮದೀನಾದವರು ಅಂತಲೇ ಅರ್ಥ. ನಮಾಝಿನ ಚಾಪೆ ಮೇಲೆ ಕೂತು ಕಡಲು ದಾಟಿ ಬಂದರು ಅಂತ ನಮ್ಮೂರಿನಲ್ಲಿ ಹೇಳುತ್ತಾರೆ. ಚಿಕ್ಕಂದಿನಿಂದ ಆ ದರ್ಗಾಕ್ಕೆ ನಡೆದ ಉಮ್ಮನಿಗೆ ಮದೀನಾ ಪರದೇಶ ಅನ್ನಿಸಲೇ ಇಲ್ಲ.

ಮರುದಿನ ಗ್ರೂಪಿನ ಝಿಯಾರತ್ ಬಸ್. ಬಸ್ ಯಾರದು ಅಂತ ಹೇಳುವುದು ಬೇಡ, ಆದರೆ ಆ ದಿನದ ಬೇಸರ ಹೇಳಲೇಬೇಕು. ಉಹುದ್‌ನಲ್ಲಿ ಹದಿನೈದು ನಿಮಿಷ ಕೊಟ್ಟರು. ಪ್ರವಾದಿಯವರ ಚಿಕ್ಕಪ್ಪ ಹಂಝಾ ಸೇರಿ ಸುಮಾರು 70 ಸಹಾಬಿಗಳು, ಅಂದರೆ ಪ್ರವಾದಿಯವರ ಸಂಗಾತಿಗಳು, ಯುದ್ಧದಲ್ಲಿ ಹುತಾತ್ಮರಾದ ಜಾಗ ಅದು. ಉಮ್ಮ ಸೀಟಿನಿಂದ ಎದ್ದು, ಮುಂದಿನವರೆಲ್ಲ ಇಳಿದು, ಮೆಟ್ಟಿಲು ಇಳಿಯುವಷ್ಟರಲ್ಲೇ ಐದು ನಿಮಿಷ ಹೋಯಿತು. ಬೇಲಿಯ ಹತ್ತಿರ ತಲುಪಿ ಸಲಾಂ ಹೇಳುತ್ತಿರುವಾಗ ಹಿಂದಿನಿಂದ ಕೂಗಿ ಕರೆದರು. ಖಿಬ್ಲತೈನ್ ಮಸೀದಿಯನ್ನು ಕಿಟಕಿಯಿಂದ ತೋರಿಸಿದರು. ನಮಾಝಿನ ದಿಕ್ಕು ಜೆರುಸಲೇಮಿನಿಂದ ಮಕ್ಕಾದ ಕಡೆ ತಿರುಗಿದ ನೆನಪಿನ ಮಸೀದಿ ಅದು. ಉಮ್ಮ ಆ ಕಡೆ ಕುತ್ತಿಗೆ ತಿರುಗಿಸುವಾಗ ಬಸ್ ತಿರುವು ದಾಟಿತ್ತು.

ಕುಬಾಕ್ಕೆ ಬಸ್ಸಿನಲ್ಲಿ ಹೋದದ್ದನ್ನು ಲೆಕ್ಕಕ್ಕೆ ಹಿಡಿಯದೆ ಶನಿವಾರ ನಾವೇ ಮತ್ತೆ ಹೋದೆವು. ಪ್ರವಾದಿಯವರು ಶನಿವಾರಗಳಲ್ಲಿ ಕುಬಾಕ್ಕೆ ಹೋಗುತ್ತಿದ್ದರು, ಕೆಲವೊಮ್ಮೆ ನಡೆದು, ಕೆಲವೊಮ್ಮೆ ಸವಾರಿಯಲ್ಲಿ. ತಂಗಿದ ಜಾಗದಲ್ಲೇ ವುಳೂ ಮಾಡಿ, ಅಂದರೆ ನಮಾಝಿಗೆ ಕೈಕಾಲು ಮುಖ ತೊಳೆದು, ಹೋಗಿ ಅಲ್ಲಿ ನಮಾಝ್ ಮಾಡಿದರೆ ಒಂದು ಉಮ್ರಾದ ಪುಣ್ಯ ಅಂತ ಹದೀಸ್ ಇದೆ. ರೂಮಿನಲ್ಲೇ ವುಳೂ ಮಾಡಿದೆವು. ಪ್ರವಾದಿಯವರ ಮಸೀದಿ ಮಸ್ಜಿದುನ್ನಬವಿಯಿಂದ ಮೂರು ಕಿಲೋಮೀಟರ್ ಚಿಲ್ಲರೆ. ಬ್ಯಾಟರಿ ಗಾಡಿಯಲ್ಲಿ ಆರಾಮವಾಗಿ ಹೋಗಿ ಆರಾಮವಾಗಿ ಬಂದೆವು.

ಮಸ್ಜಿದುನ್ನಬವಿಯ ಒಳಗಿರುವ ರೌಳಾಕ್ಕೆ ಸೌದಿ ಸರ್ಕಾರದ ನುಸುಕ್ ಆ್ಯಪ್‌ನಲ್ಲಿ ಮೊದಲೇ ಸಮಯ ತೆಗೆಯಬೇಕು. ಹೆಂಗಸರಿಗೆ ಬೇರೆ ಹೊತ್ತು, ಗಂಡಸರಿಗೆ ಬೇರೆ. ಉಮ್ಮನ ಖಾತೆಯನ್ನು ನನ್ನ ಹಳೆಯ ಫೋನಿನಲ್ಲಿ ತೆರೆದಿದ್ದೆ. ಇಬ್ಬರಿಗೂ ಒಂದೇ ಹೊತ್ತು ಸಿಗುವವರೆಗೆ ಮೂರು ರಾತ್ರಿ ನೋಡುತ್ತಾ ಕೂತೆ. ಪ್ರವಾದಿಯವರ ಮನೆಗೂ ಮಿಂಬರಿಗೂ (ಪ್ರವಚನ ಪೀಠ) ನಡುವೆ ಇರುವುದು ಸ್ವರ್ಗದ ತೋಟಗಳಲ್ಲಿ ಒಂದು ತೋಟ ಅಂತ ಅವರೇ ಹೇಳಿದ ಜಾಗ. ಹಸಿರು ಕಾರ್ಪೆಟ್ ಮೇಲೆ ಕಾಲಿಟ್ಟಾಗ ಉಮ್ಮ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದರು ಅಂದರೆ ಬಳೆಯ ಗುರುತು ಸಂಜೆವರೆಗೂ ಇತ್ತು. ಅಲ್ಲಿ ಏನು ಕೇಳಿದರು ಅಂತ ನಾನು ಕೇಳಲಿಲ್ಲ.

ಬಖೀಅ್ ಕಬರಸ್ತಾನದಲ್ಲಿ ಹೆಂಗಸರಿಗೆ ಒಳಗೆ ಹೋಗಲು ಬಿಡುವುದಿಲ್ಲ. ಹೊರಗೆ ನಿಂತು ಸಲಾಂ ಹೇಳಿ ಬಂದೆವು.

ಇನ್ನು ಬದ್ರ್. ಉಮ್ರಾ ವೀಸಾದಲ್ಲಿ ಈಗ ಸೌದಿಯ ಬೇರೆ ಊರುಗಳಿಗೂ ಹೋಗಬಹುದು, ಹಾಗಾಗಿ ಆ ತೊಂದರೆ ಇರಲಿಲ್ಲ. ಹೋಟೆಲಿನ ಎದುರು ಕೂಗಿ ಕರೆಯುವ ಗಾಡಿಗಳನ್ನು ಹತ್ತಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆವು. ಜಿದ್ದಾದಲ್ಲಿರುವ ಸಂಬಂಧಿಕರ ಮೂಲಕ ಪರವಾನಗಿ ಇರುವ ಟ್ಯಾಕ್ಸಿ ಹಿಡಿದೆವು. ಚಾಲಕ ಪುತ್ತೂರು ಕಡೆಯವರು. ಹೋಗಿ ಬರಲು 400 ರಿಯಾಲ್, ಕಾಯುವುದಕ್ಕೆ ಬೇರೆ ಹಣ ಇಲ್ಲ ಅಂತ ಫೋನಿನಲ್ಲೇ ಮಾತಾಯಿತು. ನಾನು ಅವರಿಗೆ ಕೇಳಿದ್ದು ಇನ್ನೆರಡೇ: ಶೌಚಾಲಯ ಎಲ್ಲೆಲ್ಲಿ ಇದೆ? ಕಾರು ಎಷ್ಟು ಹತ್ತಿರ ಹೋಗುತ್ತದೆ? ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇವೆರಡು ಗೊತ್ತಿದ್ದರೆ ಅರ್ಧ ಚಿಂತೆ ಕಡಿಮೆ.

ಮುಂಜಾನೆಯ ಸುಬಹಿ ನಮಾಝ್ ಮುಗಿಸಿ, ಚಾ ಕುಡಿದು ಹೊರಟೆವು. ಡಿಸೆಂಬರ್ ಆದ್ದರಿಂದ ಬಿಸಿಲು ಹಿತವಾಗಿತ್ತು. ಕಾರಿನಲ್ಲಿ ನಮ್ಮ ಬ್ಯಾರಿ ಬಾಸೆ ಕೇಳಿ ಉಮ್ಮನಿಗೆ ಊರೇ ಸಿಕ್ಕಿದ ಹಾಗಾಯಿತು. ಎರಡೂ ಬದಿ ಕಪ್ಪು ಕಲ್ಲಿನ ಬೋಳು ಬೆಟ್ಟಗಳು. ಸುಮಾರು ಅರ್ಧ ದಾರಿಯಲ್ಲಿ ರೌಹಾ ಬಾವಿ ಹತ್ತಿರ ನಿಲ್ಲಿಸಿದೆವು. ಪ್ರವಾದಿಯವರ ಸೈನ್ಯ ಬದ್ರ್‌ಗೆ ಹೋಗುವಾಗ ತಂಗಿದ ಜಾಗ. ಉಮ್ಮ ನೀರು ಕುಡಿದು, ದಾರಿಯ ಕಡೆ ಒಮ್ಮೆ ನೋಡಿ, "ಇಷ್ಟು ದೂರ ಸರದಿಯಲ್ಲಿ ನಡೆದರಲ್ವಾ" ಅಂದರು. ಮತ್ತೆ ಬದ್ರ್ ತಲುಪುವವರೆಗೆ ಅವರು ಮಾತಾಡಲಿಲ್ಲ.

ಬದ್ರ್ ಈಗ ಅಂಗಡಿ, ಶಾಲೆ, ಖರ್ಜೂರದ ತೋಟ ಇರುವ ಊರು. ಊರ ಬದಿಯಲ್ಲಿ ದೊಡ್ಡ ಮರಳಿನ ಗುಡ್ಡ. ಮಲಕ್‌ಗಳು (ದೇವದೂತರು) ಸಹಾಯಕ್ಕೆ ಇಳಿದದ್ದು ಅಲ್ಲಿ ಅಂತ ಹೇಳುತ್ತಾರೆ. ಶುಹದಾಗಳ, ಅಂದರೆ ಯುದ್ಧದಲ್ಲಿ ಹುತಾತ್ಮರಾದವರ, ಕಬರಸ್ತಾನಕ್ಕೆ ಸುತ್ತ ಗೋಡೆ ಇದೆ. ಅವರ ಹೆಸರು ಬರೆದ ದೊಡ್ಡ ಫಲಕ ಇದೆ.

ಅದರ ಎದುರು ಸ್ಟೂಲ್ ಇಟ್ಟೆ. ಮಡಚುವ ಸ್ಟೂಲ್ ಅದು, ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರದ ಅಂಗಡಿಯಲ್ಲಿ 450 ರೂಪಾಯಿಗೆ ತೆಗೆದದ್ದು. ನಾನು ಫಲಕ ಓದಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಉಮ್ಮನೇ ಓದಲು ಶುರು ಮಾಡಿದರು. ಗ್ರೂಪಿನ ಹಾಳೆ ಕನ್ನಡದಲ್ಲಿತ್ತು, ಅದನ್ನು ನಾನು ಓದಬೇಕಾಗಿತ್ತು. ಇದು ಅರಬಿ. ಅರವತ್ತು ವರ್ಷದಿಂದ ದಿನಾ ಕುರ್‌ಆನ್ ಓದುವ ಕಣ್ಣು ಅವರದು. ಬೆರಳನ್ನು ಗಾಳಿಯಲ್ಲೇ ಬಲದಿಂದ ಎಡಕ್ಕೆ ಎಳೆಯುತ್ತಾ, ಮದರಸದಲ್ಲಿ ಕಲಿತ ಹಾಗೆ ಅಕ್ಷರ ಕೂಡಿಸಿ ಓದಿದರು. ಉಮೈರ್. ಅಬೂ ವಕ್ಕಾಸರ ಮಗ. ಚಿಕ್ಕವನು ಅಂತ ವಾಪಸ್ ಕಳಿಸುತ್ತಾರೇನೋ ಎಂದು ಹೆದರಿ ಅಡಗಿ ನಿಂತ ಹುಡುಗ. ಆಮೇಲೆ ಉಬೈದಾ. ಆಮೇಲೆ ಅಫ್ರಾ ಅವರ ಇಬ್ಬರು ಗಂಡುಮಕ್ಕಳು.

ಹಾರಿಸಾ ಅನ್ನುವ ಹೆಸರು ಬಂದಾಗ ಬೆರಳು ನಿಂತಿತು. ಎಲ್ಲಿಂದಲೋ ಬಂದ ಬಾಣ ತಗುಲಿ ತೀರಿಹೋದ ಹುಡುಗ. ಅವನ ಉಮ್ಮ ಪ್ರವಾದಿಯವರ ಹತ್ತಿರ ಬಂದು ಕೇಳಿದರಂತೆ. ಮಗ ಸ್ವರ್ಗದಲ್ಲಿದ್ದರೆ ಸಹಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಅಳುತ್ತೇನೆ ಅಂತ. ಸ್ವರ್ಗ ಒಂದಲ್ಲ, ತುಂಬಾ ಇವೆ, ನಿನ್ನ ಮಗ ಅದರಲ್ಲಿ ಎಲ್ಲಕ್ಕಿಂತ ಮೇಲಿನ ಫಿರ್ದೌಸಿನಲ್ಲಿದ್ದಾನೆ ಅಂತ ಉತ್ತರ ಬಂತು. ಈ ಕಥೆಯನ್ನು ಉಮ್ಮ ನನಗೆ ಎಷ್ಟು ಸಲ ಹೇಳಿಲ್ಲ! ಆದರೆ ಅಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ. ಗೋಡೆಯ ಆಚೆಗೆ ನೋಡುತ್ತಾ, ಆ ತಾಯಿಗೇ ಹೇಳುವ ಹಾಗೆ ಹೇಳಿದರು.

ಒಟ್ಟು 14 ಹೆಸರು. ಆದರೆ ಅಲ್ಲಿ ಮಲಗಿರುವವರು 13. ಗಾಯಗೊಂಡ ಉಬೈದಾ ವಾಪಸ್ ಬರುವ ದಾರಿಯಲ್ಲಿ ತೀರಿಕೊಂಡರು. ಉಮ್ಮ ಇದನ್ನು ಚಾಲಕರಿಗೆ ಹೇಳಿದಾಗ ಅವರು, "ಎಷ್ಟು ಸಲ ಬಂದಿದ್ದೇನೆ, ಇದು ಗೊತ್ತಿರಲಿಲ್ಲ ಉಮ್ಮ" ಅಂದರು. ನಾವು ಅಲ್ಲಿ ಒಂದು ಗಂಟೆ ಹತ್ತು ನಿಮಿಷ ಇದ್ದೆವು. ಯಾರೂ ಕರೆಯಲಿಲ್ಲ.

ಮಧ್ಯಾಹ್ನದ ಲುಹರ್ ನಮಾಝ್ ಅರೀಶ್ ಮಸೀದಿಯಲ್ಲಿ. ಅರೀಶ್ ಅಂದರೆ ಚಪ್ಪರ. ಯುದ್ಧದ ದಿನ ಪ್ರವಾದಿಯವರಿಗೆ ಖರ್ಜೂರದ ಮಡಲಿನಿಂದ ಚಪ್ಪರ ಹಾಕಿದ್ದ ಜಾಗದಲ್ಲಿ ಕಟ್ಟಿದ ಮಸೀದಿ. ಅಲ್ಲಿ ಅವರು ಕೈ ಎತ್ತಿ ದುಆ ಮಾಡುತ್ತಾ ಇದ್ದಾಗ ಹೊದ್ದ ಶಾಲು ಭುಜದಿಂದ ಜಾರಿತು. ಜೊತೆಗಿದ್ದ ಸಂಗಾತಿ ಅಬೂಬಕ್ಕರ್ ಅದನ್ನು ಎತ್ತಿ ಮತ್ತೆ ಹೊದಿಸಿದರು. ನಮಾಝ್ ಮುಗಿದ ಮೇಲೆ ಉಮ್ಮನ ದುಪಟ್ಟಾ ಜಾರಿತ್ತು. ಸರಿ ಮಾಡಿದೆ. ಅವರು ದುಆದಲ್ಲೇ ಇದ್ದರು, ಗಮನಿಸಲಿಲ್ಲ.

ಊರಿಗೆ ಬಂದ ಮೇಲೆ ಝಂಝಂ ನೀರು, ಖರ್ಜೂರ ತೆಗೆದುಕೊಳ್ಳಲು ನೆರೆಯವರು, ನೆಂಟರು ಬಂದರು. ಹರಂ ಹೇಗಿತ್ತು, ಹೋಟೆಲ್ ಹತ್ತಿರ ಇತ್ತಾ, ಊಟ ಹೇಗೆ ಅಂತ ಕೇಳುತ್ತಾರೆ. ಉಮ್ಮ ಅದಕ್ಕೆಲ್ಲ ಒಂದೊಂದು ಮಾತಿನಲ್ಲಿ ಉತ್ತರ ಕೊಟ್ಟು, "14 ಹೆಸರು ಇದೆ, ನಾನೇ ಓದಿದೆ" ಅಂತ ಬದ್ರ್‌ನಿಂದ ಶುರು ಮಾಡುತ್ತಾರೆ. ಪಕ್ಕದ ಮನೆಯ ಗಂಡ ಹೆಂಡತಿ ಮುಂದಿನ ತಿಂಗಳು ಹೊರಟಿದ್ದಾರೆ. ನನ್ನ ನೋಟ್‌ಬುಕ್ಕಿನ ಆ ಎರಡು ಪುಟದ ಫೋಟೊ ತೆಗೆದುಕೊಂಡು ಹೋದರು. ಸ್ಟೂಲನ್ನು ಉಮ್ಮನೇ ಒರೆಸಿ ಕೊಟ್ಟು ಕಳಿಸಿದರು.