ಇಲಿಗಾದ್ರೂ ಒಂದು ಪೆಟ್ಟಿಗೆ ಇತ್ತು

13 ಅಕ್ಟೋಬರ್ 2024, ಭಾನುವಾರ ರಾತ್ರಿ
ಅಟ್ಲಾಂಟಾ

ಗೊಂಬೆ ಇನ್ನೂ ಎತ್ತಿಟ್ಟಿಲ್ಲ. ನಾಳೆ ಎತ್ತೋಣ ಬಿಡು ಅಂದ್ಲು ಅಮ್ಮ, ನಂಗೂ ಸುಸ್ತು.

ಊಟ ಆದ್ಮೇಲೆ ಅಮ್ಮಂಗೆ ಅಂತ 'ದಿ ಗ್ರೀನ್ ಮೈಲ್' ಹಾಕಿದ್ದೆ. 1999ರ ಸಿನಿಮಾ, ಕಾಲೇಜಲ್ಲಿದ್ದಾಗ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಬಾಗಿಲು ತುಂಬೋವಷ್ಟು ದೊಡ್ಡ ಕಪ್ಪು ಮನುಷ್ಯ ಜಾನ್ ಕಾಫಿ, ಮಾಡದೇ ಇರೋ ಕೊಲೆಗೆ ಜೈಲಿಗೆ ಬಂದೋನು, ಜೈಲಿನ ಅಧಿಕಾರಿಯ ಉರಿಮೂತ್ರ ವಾಸಿ ಮಾಡ್ತಾನೆ, ತುಳಿಸ್ಕೊಂಡ ಇಲೀನ ಬದುಕಿಸ್ತಾನೆ, ವಾರ್ಡನ್ ಹೆಂಡ್ತಿ ತಲೇಲಿದ್ದ ಗಡ್ಡೆ ಎಳ್ಕೋತಾನೆ, ಕೊನೆಗೆ ಅದೇ ಜನ ಅವನನ್ನ ಕರೆಂಟ್ ಕುರ್ಚಿ ಮೇಲೆ ಕೂರಿಸ್ತಾರೆ. ನಾನು ಈ ಸಲಾನೂ ಅತ್ತೆ. ಅಮ್ಮ ಅಳ್ಲಿಲ್ಲ.

"ಅಲ್ಲ ಕಣೇ, ಇವನಿಗೆ ಅಪ್ಪ ಅಮ್ಮ ಯಾರೂ ಇಲ್ವಾ? ಸಾಯೋ ದಿನಾನೂ ಯಾರೂ ಬರ್ಲಿಲ್ವಲ್ಲ."

ತೋರ್ಸಲ್ಲಮ್ಮ ಅಂದೆ.

"ಜೈಲಿನೋನ ಹೆಂಡ್ತಿ, ಸಾಹೇಬ್ರ ಹೆಂಡ್ತಿ ಎಲ್ಲಾ ತೋರ್ಸಿದ್ರು. ಆ ಇಲಿಗಾದ್ರೂ ಮಲ್ಗಕ್ಕೆ ಒಂದು ಪೆಟ್ಟಿಗೆ ಇತ್ತು."

ಇಷ್ಟು ವರ್ಷ ನಂಗೆ ಯಾಕೆ ಇದು ಹೊಳೀಲಿಲ್ಲ? ಬಿಳಿಯರ ಕಷ್ಟ ತೀರ್ಸಕ್ಕೆ ಅಂತಾನೇ ಬರೋ, ಮಾಯಾಶಕ್ತಿ ಇರೋ ಇಂಥ ಕಪ್ಪು ಪಾತ್ರಗಳಿಗೆ 'ಮ್ಯಾಜಿಕಲ್ ನೀಗ್ರೋ' ಅನ್ನೋ ಹೆಸರಿದೆ ಅಂತ ಓದಿದ್ದೆ, ಕಪ್ಪು ನಿರ್ದೇಶಕ ಸ್ಪೈಕ್ ಲೀ 2001ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಈ ಸಿನಿಮಾನೂ ಸೇರಿಸಿ ಬೈದಿದ್ದು ಗೊತ್ತಿತ್ತು, ಅಷ್ಟು ಶಕ್ತಿ ಇರೋನು ತನಗೆ, ತನ್ನವರಿಗೆ ಯಾಕೆ ಏನೂ ಮಾಡ್ಕೊಳಲ್ಲ ಅನ್ನೋದು ಅವರ ಸಿಟ್ಟು. ಗೊತ್ತಿದ್ದೂ ಅಳ್ತಾ ಕೂತಿದ್ದೆ. ಅಮ್ಮ ಅದೇನೂ ಓದ್ದೇನೇ ಅವನ ಮನೆ ಎಲ್ಲಿ ಅಂತ ಕೇಳಿದ್ಲು.

'ಗಾನ್ ವಿತ್ ದಿ ವಿಂಡ್' ನೆನಪಾಯ್ತು. ಹತ್ತತ್ರ ನಾಲ್ಕು ಗಂಟೆ ಸಿನಿಮಾ, ಅದ್ರಲ್ಲಿರೋ ಕಪ್ಪು ಕೆಲಸದಾಕೆಗೆ ಒಂದು ಹೆಸರೂ ಇಲ್ಲ, ಬರೀ 'ಮ್ಯಾಮಿ', ಬಿಳಿಯರ ಮನೆ ಮಕ್ಕಳನ್ನ ಸಾಕೋ ಕಪ್ಪು ಆಯಾಗೆ ಕರೀತಿದ್ದ ಹೆಸರು. ಆ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಗುಲಾಮಗಿರಿಯಲ್ಲಿ ಹುಟ್ಟಿದ ಅಪ್ಪ ಅಮ್ಮನ ಮಗಳು. 1939ರ ಡಿಸೆಂಬರ್‌ನಲ್ಲಿ ಇದೇ ಊರಲ್ಲಿ, ನಾನು ದಿನಾ ಹೋಗೋ ಪೀಚ್‌ಟ್ರೀ ಸ್ಟ್ರೀಟಲ್ಲಿ, ಆ ಸಿನಿಮಾದ ಮೊದಲ ಶೋ. ಜಾರ್ಜಿಯಾದ ವರ್ಣಭೇದದ ಕಾನೂನು, ಹ್ಯಾಟಿಗೆ ಬರಕ್ಕಾಗ್ಲಿಲ್ಲ. 1978ರಲ್ಲಿ ಆ ಥಿಯೇಟರ್ ಸುಟ್ಟೋಯ್ತು, ಈಗ ಅಲ್ಲೊಂದು ಟವರ್ ಇದೆ. 1940ರಲ್ಲಿ ಹ್ಯಾಟಿಗೆ ಆಸ್ಕರ್ ಕೊಟ್ರು, ಆದ್ರೆ ಸಮಾರಂಭ ನಡೆದ ಹೋಟೆಲಲ್ಲಿ ಕೂರಿಸಿದ್ದು ಗೋಡೆ ಪಕ್ಕದ ಬೇರೆ ಟೇಬಲಲ್ಲಿ. ಆಮೇಲೆ ಇನ್ನೊಬ್ಬ ಕಪ್ಪು ನಟಿಗೆ ಆಸ್ಕರ್ ಬರಕ್ಕೆ 51 ವರ್ಷ ಬೇಕಾಯ್ತು. 1991ರಲ್ಲಿ ವೂಪಿ ಗೋಲ್ಡ್‌ಬರ್ಗ್‌ಗೆ. ಅದಾದ್ರೂ 'ಘೋಸ್ಟ್' ಸಿನಿಮಾದಲ್ಲಿ ಯಾವ ಪಾತ್ರ? ಸತ್ತ ಬಿಳಿ ಹುಡುಗ ತನ್ನ ಹುಡುಗೀನ ಕೊನೇ ಸಲ ಮುಟ್ಲಿ ಅಂತ ತನ್ನ ಮೈಯನ್ನೇ ಬಿಟ್ಟುಕೊಡೋಳು.

ಅಮ್ಮ ಬಂದ ಹೊಸದ್ರಲ್ಲಿ ಒಬ್ಳೇ ವಾಕಿಂಗ್ ಹೋಗಕ್ಕೆ ಹೆದರ್ತಿದ್ಲು. ಶಿವಮೊಗ್ಗದಲ್ಲಿ ಒಬ್ಬ ಬ್ಲ್ಯಾಕ್ ಮನುಷ್ಯನ ಜೊತೆನೂ ಮಾತಾಡ್ದೋಳಲ್ಲ, ಭಯ ಮಾತ್ರ ಅಲ್ಲಿಂದ್ಲೇ ತಂದಿದ್ಲು. ಟಿವೀಲಿ ಬರೋ ಡಬ್ಬಿಂಗ್ ಸಿನಿಮಾದಲ್ಲಿ ಗನ್ ಹಿಡಿದು ಓಡೋರೇ ಅವರು ಅಂತ. ನಂಗೆ ಆವತ್ತು ಸಿಟ್ಟು ಬಂದಿತ್ತು, ಜೋರಾಗೇ ಹೇಳ್ಬಿಟ್ಟೆ, ಪಾಪ.

ಗುರುವಾರ ಎದುರುಮನೆಯವರು, ಅವರೂ ಬ್ಲ್ಯಾಕ್, ಗೊಂಬೆ ನೋಡಕ್ಕೆ ಬಂದಿದ್ರಲ್ಲ, ಎರಡು ಗಂಟೆ ಕೂತಿದ್ರು. ಪಟ್ಟದ ಗೊಂಬೆ ಅಜ್ಜಿಯಿಂದ ಅಮ್ಮಂಗೆ ಬಂದಿದ್ದು ಅಂದಿದ್ದಕ್ಕೆ ಅವರು, ನಮ್ಮನೇಲಿ ಹೀಗೇ ಒಂದು ಬೈಬಲ್ ಇದೆ ಅಂದ್ರು. ಮೊದಲ ಪುಟದಲ್ಲಿ ಕೈಯಲ್ಲಿ ಬರೆದ ಹೆಸರುಗಳು, ಹುಟ್ಟಿದ ತಾರೀಕು, ಸತ್ತ ತಾರೀಕು, ನಾಲ್ಕು ತಲೆಮಾರಿಂದು. ಅವರ ಅಜ್ಜಿಯ ಹೆಸರು ಮಾತ್ರ ನೀಲಿ ಇಂಕಲ್ಲಿ, ಬೇರೆ ಯಾರೋ ತಿದ್ದಿ ಬರೆದಿದ್ದಂತೆ, ಯಾಕೆ ಅಂತ ಹೇಳೋಷ್ಟ್ರಲ್ಲಿ ಅವರ ಮಗಳ ಫೋನ್ ಬಂತು.

ಈಗ ಕಿಟಕಿಯಿಂದ ನೋಡಿದ್ರೆ ಅವರ ಮನೆ ಮುಂದೆ ಐದು ಕಾರು, ಭಾನುವಾರದ ಊಟ ಇನ್ನೂ ಮುಗಿದಿಲ್ಲ ಅನ್ಸತ್ತೆ, ಮಕ್ಕಳ ಗಲಾಟೆ ಇಲ್ಲಿವರೆಗೂ ಕೇಳ್ತಿದೆ. ಅಮ್ಮನೂ ಮಲಗಿಲ್ಲ. ಆ ಪುಸ್ತಕ ಒಂದ್ಸಲ ತೋರ್ಸಿ ಅಂತ ಕೇಳೇ ಅಂತಿದ್ದಾಳೆ, ಕೇಳ್ಬೇಕು ಅಂತ ನಂಗೂ ಇದೆ, ಆದ್ರೆ ಅವರು...