ಪಕ್ಷಗಳು ಮಾತು ಕೊಟ್ಟ ಸುಧಾರಣೆಗಳು ನಿಜಕ್ಕೂ ಆಗುತ್ತವೆಯೇ?

ಚುನಾವಣೆ ಹತ್ತಿರವಾದಾಗಲೆಲ್ಲ ಪರಿಚಿತರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಪ್ರಣಾಳಿಕೆಯಲ್ಲಿ ಬರೆದ ಸುಧಾರಣೆಗಳನ್ನು ಪಕ್ಷಗಳು ನಿಜವಾಗಿ ಮಾಡಿ ತೋರಿಸಬಲ್ಲವೇ, ಅಥವಾ ಅದೆಲ್ಲ ಮತ ಕೇಳುವ ಹೊತ್ತಿನ ಮಾತೇ? ಬಹಳ ಮಂದಿ ಎಣಿಸಿಕೊಂಡಿರುವುದಕ್ಕಿಂತ ಹೆಚ್ಚು ಭರವಸೆಗಳು ಈಡೇರುತ್ತವೆ ಎಂದೇ ನಾನು ಉತ್ತರಿಸುತ್ತೇನೆ. 12 ದೇಶಗಳ 20,000ಕ್ಕೂ ಹೆಚ್ಚು ಚುನಾವಣಾ ಭರವಸೆಗಳನ್ನು ಬೆನ್ನುಹತ್ತಿ ರಾಜ್ಯಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಪಕ್ಷದ ಸರ್ಕಾರಗಳು ಸಮ್ಮಿಶ್ರ ಸರ್ಕಾರಗಳಿಗಿಂತ ಹೆಚ್ಚು ಮಾತು ಉಳಿಸಿಕೊಂಡದ್ದು ಕಂಡುಬಂದಿತ್ತು.

ಆದರೆ ಇಂಥ ಎಣಿಕೆಯಲ್ಲಿ ಪಿಂಚಣಿ ಹೆಚ್ಚಿಸುವುದೂ ಒಂದು ಭರವಸೆ, ಚುನಾವಣಾ ಪದ್ಧತಿಯನ್ನೇ ಬದಲಿಸುವುದೂ ಒಂದು ಭರವಸೆ. ಮೊದಲನೆಯದಕ್ಕೆ ಬಜೆಟ್ಟಿನಲ್ಲಿ ಹಣ ಹೊಂದಿಸಿದರೆ ಆಯಿತು. ಎರಡನೆಯದಕ್ಕೆ ಗೆದ್ದವರು ತಾವು ಹತ್ತಿ ಬಂದ ಏಣಿಯನ್ನೇ ಬಿಚ್ಚಬೇಕು. ಹಾಗಾಗಿ, ಸುಧಾರಣೆಯಿಂದ ನಷ್ಟವಾಗುವುದು ಯಾರಿಗೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಕೆನಡಾದಲ್ಲಿ ಜಸ್ಟಿನ್ ಟ್ರುಡೊ ಅವರ ಲಿಬರಲ್ ಪಕ್ಷ, ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ 2015ರದ್ದೇ ಎಂದು ಮಾತು ಕೊಟ್ಟಿತ್ತು. ಆ ಚುನಾವಣೆಯಲ್ಲಿ ಪಕ್ಷಕ್ಕೆ ಬಿದ್ದದ್ದು ಶೇಕಡಾ 40ಕ್ಕಿಂತ ಕಡಿಮೆ ಮತ, ಆದರೆ ಒದಗಿದ್ದು 338ರಲ್ಲಿ 184 ಸ್ಥಾನ. ಈ ಲಾಭವನ್ನು ತಂದುಕೊಟ್ಟದ್ದು ಅದು ತೆಗೆದುಹಾಕುತ್ತೇನೆಂದಿದ್ದ ಪದ್ಧತಿಯೇ. 2017ರ ಫೆಬ್ರುವರಿಯಲ್ಲಿ, ಒಮ್ಮತ ಮೂಡಲಿಲ್ಲವೆಂಬ ಕಾರಣ ನೀಡಿ ಸರ್ಕಾರ ಆ ಭರವಸೆಯನ್ನು ಕೈಬಿಟ್ಟಿತು. ಬಹುಮತವಿದ್ದ ಸರ್ಕಾರಕ್ಕೆ ಶಕ್ತಿಯ ಕೊರತೆಯಿತ್ತು ಎಂದು ನಾನಂತೂ ಒಪ್ಪಲಾರೆ.

ನಮ್ಮ ಸಂಸತ್ತಿನ ಮಹಿಳಾ ಮೀಸಲಾತಿಯ ಕಥೆಯೂ ಇದಕ್ಕೆ ಹತ್ತಿರದ್ದು. ಮೊದಲ ಮಸೂದೆ ಮಂಡನೆಯಾದದ್ದು 1996ರಲ್ಲಿ, ರಾಜ್ಯಸಭೆ ಒಪ್ಪಿದ್ದು 2010ರಲ್ಲಿ, ಸಂವಿಧಾನದ 106ನೇ ತಿದ್ದುಪಡಿಯಾಗಿ ಅಂಗೀಕಾರವಾದದ್ದು 2023ರಲ್ಲಿ. ಆ ತಿದ್ದುಪಡಿಯೂ ಜಾರಿಯ ದಿನವನ್ನು ಮುಂದಿನ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿತು. ಮೂರರಲ್ಲೊಂದು ಸ್ಥಾನ ಬಿಟ್ಟುಕೊಡಬೇಕಾದವರೇ ಮತ ಹಾಕಬೇಕಿದ್ದ ವಿಷಯವಿದು ಎಂಬುದನ್ನು ನೆನೆದರೆ, 27 ವರ್ಷಗಳ ವಿಳಂಬದ ಕಾರಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ.

ಹೊರಗಿನವರ ವಿರೋಧ ಎಷ್ಟೇ ಬಲವಾಗಿರಲಿ, ಅದನ್ನು ಎದುರಿಸಲು ಸಾಧ್ಯ. 1945ರಲ್ಲಿ ಗೆದ್ದ ಬ್ರಿಟನ್ನಿನ ಲೇಬರ್ ಪಕ್ಷ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಲು ಹೊರಟಾಗ, ವೈದ್ಯರ ಸಂಘ ಕಟುವಾಗಿ ವಿರೋಧಿಸಿತು. 1948ರ ಆರಂಭದಲ್ಲಿ ಸಂಘ ನಡೆಸಿದ ಮತದಾನದಲ್ಲಿಯೂ ಬಹುಪಾಲು ವೈದ್ಯರು ಬೇಡವೆಂದರು. ಆರೋಗ್ಯ ಸಚಿವ ಅನೈರಿನ್ ಬೆವನ್ ಒಂದೊಂದೇ ಗಂಟನ್ನು ಸಡಿಲಿಸಿದರು: ತಜ್ಞ ವೈದ್ಯರು ಖಾಸಗಿ ರೋಗಿಗಳನ್ನೂ ನೋಡಬಹುದು ಎಂದರು, ಕುಟುಂಬ ವೈದ್ಯರನ್ನು ಸರ್ಕಾರಿ ಸಂಬಳದ ನೌಕರರನ್ನಾಗಿ ಮಾಡುವುದಿಲ್ಲವೆಂದು ಖಚಿತಪಡಿಸಿದರು. 1948ರ ಜುಲೈ 5ರಂದು ಸೇವೆ ಆರಂಭವಾಯಿತು. ಮೊದಲು ಕನಸು ಕಂಡವರ ದೃಷ್ಟಿಯಲ್ಲಿ ಅದು ಸಂಪೂರ್ಣ ಸುಧಾರಣೆಯಾಗಿರಲಿಲ್ಲ, ಆದರೂ ಜೇಬಿನಲ್ಲಿ ಕಾಸಿಲ್ಲದ ರೋಗಿಗೂ ವೈದ್ಯರ ಬಾಗಿಲು ತೆರೆಯಿತು. ಇಂಥ ರಾಜಿಯನ್ನು ವಚನಭಂಗ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಪ್ರಣಾಳಿಕೆಗಳನ್ನು ನಾನು ಪೆನ್ಸಿಲ್ ಹಿಡಿದೇ ಓದುತ್ತೇನೆ. 'ಪರಿಶೀಲಿಸಲಾಗುವುದು', 'ಕ್ರಮ ಕೈಗೊಳ್ಳಲಾಗುವುದು' ಎಂಬಂಥ, ಮಾಡುವವರು ಯಾರೆಂದೇ ತಿಳಿಯದ ವಾಕ್ಯಗಳ ಕೆಳಗೆ ಗೆರೆ ಎಳೆಯುತ್ತೇನೆ. ಯಾವ ಕಾನೂನಿಗೆ ತಿದ್ದುಪಡಿ, ಎಷ್ಟು ಹಣ, ಯಾವ ವರ್ಷದೊಳಗೆ, ತಡೆಯಬಲ್ಲವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಕಡೆ ಅಂಚಿನಲ್ಲಿ ಒಂದು ಗುರುತು ಹಾಕುತ್ತೇನೆ. ಪಕ್ಷಗಳು ತಮ್ಮದೇ ದೇಣಿಗೆ, ತಮ್ಮದೇ ಟಿಕೆಟ್ ಹಂಚಿಕೆ, ತಮ್ಮದೇ ಆಂತರಿಕ ಚುನಾವಣೆಯ ಬಗ್ಗೆ ಬರೆದ ಪುಟಗಳಲ್ಲಿ ಆ ಗುರುತು ಹಾಕುವ ಸಂದರ್ಭ ನನಗೆ ಬಹಳ ಅಪರೂಪವಾಗಿ ಬಂದಿದೆ.