‘ಒಪ್ಪದವರ ಜೊತೆ ಅದ್ಹೇಗೆ ಒಂದೇ ಚರ್ಚಿನಲ್ಲಿ ಕೂರುತ್ತೀಯ?’

ಈ ಪ್ರಶ್ನೆ ನನಗೆ ಹೊಸದಲ್ಲ. 2025ರ ಅಕ್ಟೋಬರ್ 3ರಂದು ಸಾರಾ ಮಲಾಲಿ ಅವರನ್ನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಅಂದರೆ ನಮ್ಮ ಚರ್ಚ್ ಆಫ್ ಇಂಗ್ಲೆಂಡಿನ ಹಿರಿಯ ಬಿಷಪ್ ಆಗಿ ಘೋಷಿಸಿದ ಮೇಲಂತೂ ವಾರಕ್ಕೊಬ್ಬರು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವವರಿಗೆ ಅದು ಸಂಭ್ರಮದ ಸುದ್ದಿ. ಆಕೆ ಮೊದಲು ನರ್ಸ್ ಆಗಿದ್ದವರು, ಇಡೀ ಇಂಗ್ಲೆಂಡಿನ ಮುಖ್ಯ ಶುಶ್ರೂಷಾಧಿಕಾರಿಯಾಗಿದ್ದವರು. ನಾನೂ ನರ್ಸೇ ಆದ್ದರಿಂದ ಆ ದಿನ ಡ್ಯೂಟಿ ರೂಮಿನಲ್ಲಿ ನನ್ನನ್ನೇ ಯಾರೋ ಆರ್ಚ್‌ಬಿಷಪ್ ಮಾಡಿದ ಹಾಗೆ ಬೀಗಿದ್ದೆ. ಸಂಭ್ರಮ ಮುಗಿದ ಮೇಲೆ ಪ್ರಶ್ನೆ: ಹೆಂಗಸನ್ನು ಬಿಷಪ್ ಅಂತ ಒಪ್ಪದವರೂ ನಿಮ್ಮ ಚರ್ಚಿನಲ್ಲೇ ಇದ್ದಾರಂತಲ್ಲ, ಅದೂ ಕಾನೂನು ಪ್ರಕಾರವೇ?

ಹುಬ್ಬಳ್ಳಿಯಿಂದ ನಮ್ಮ ಮೌಶಿ ಫೋನಿನಲ್ಲಿ ಕೇಳಿದ್ದು ಇನ್ನೂ ನೇರವಾಗಿತ್ತು. “ಅಲ್ಲವಾ, ಹೆಣ್ಮಗಳು ಕೊಟ್ಟ ರೊಟ್ಟಿ ಒಲ್ಲೆ ಅನ್ನೋರ ಜೋಡಿ ನೀ ಹೆಂಗ ಕುಂದರ್ತಿ? ಮನ್ಯಾಗ ದಿನಾ ಯಾರು ಬಡದ ರೊಟ್ಟಿ ತಿಂತಾರಂತ ಅವರು?”

ಚರ್ಚಿನಲ್ಲಿ ಪಾದ್ರಿ ಕೊಡುವ ಕರ್ತನ ಭೋಜನದ ರೊಟ್ಟಿಗೂ ಹಂಚಿನ ಮೇಲಿನ ರೊಟ್ಟಿಗೂ ಕನ್ನಡದಲ್ಲಿ ಒಂದೇ ಪದವಿರುವುದರಿಂದ ಈ ಏಟು ತಪ್ಪಿಸಿಕೊಳ್ಳುವುದು ಕಷ್ಟ. ಅದಕ್ಕೇ ಉತ್ತರವನ್ನು ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಮೊದಲು ನಮ್ಮ ಚರ್ಚಿನ ಒಬ್ಬ ಅಜ್ಜನ ಬಗ್ಗೆ ಹೇಳಬೇಕು. ನಾನಿರುವುದು ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ. ನಮ್ಮ ಪ್ಯಾರಿಶ್ಶಿನ (ಸ್ಥಳೀಯ ಸಭೆಯ) ಸಭಾಪಾಲಕರು, ಅಂದರೆ ಪಾದ್ರಿ, ಹೆಂಗಸು. ಆ ಅಜ್ಜ ಭಾನುವಾರ ತಪ್ಪಿಸುವುದಿಲ್ಲ. ಕೀರ್ತನೆ ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆ, ಪ್ರಸಂಗ ಪೂರ್ತಿ ಕೇಳುತ್ತಾರೆ. ಸಂಸ್ಕಾರಕ್ಕೆ, ಅಂದರೆ ಆಕೆಯ ಕೈಯಿಂದ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಲು ಜನ ಎದ್ದಾಗ ಮಾತ್ರ ಎದ್ದೇಳುವುದಿಲ್ಲ. ನಾನು ಅವರ ಸಾಲಿನಲ್ಲೇ ಕೂರುವವಳು; ನಾನು ದಾಟಿ ಹೋಗಲೆಂದು ಎರಡೂ ಮೊಣಕಾಲು ಪಕ್ಕಕ್ಕೆ ತಿರುಗಿಸಿ, ಪ್ರಾರ್ಥನೆ ಪುಸ್ತಕವನ್ನು ಎದೆಗವುಚಿಕೊಂಡು ದಾರಿ ಬಿಡುತ್ತಾರೆ. ವಾಪಸ್ ಬರುವಾಗಲೂ ಅಷ್ಟೇ. ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ಚಹಾದ ಕಪ್ಪು ತೊಳೆಯುವವರೂ ಅವರೇ, ಒರೆಸಿ ಇಡುವವರು ಸಭಾಪಾಲಕಿ. ಇಬ್ಬರೂ ಫುಟ್‌ಬಾಲ್ ಮಾತಾಡುತ್ತಾರೆ.

ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈಯೆಲ್ಲ ಉರಿದಿತ್ತು. ಇದು ಮಡಿಯಲ್ಲದೆ ಮತ್ತೇನು?

ಇಂಗ್ಲೆಂಡಿನ ಸಭೆ (ಚರ್ಚ್ ಆಫ್ ಇಂಗ್ಲೆಂಡ್) ಈ ಸ್ಥಿತಿಗೆ ಬಂದದ್ದು ನಿಧಾನವಾಗಿ, ಬಹಳ ಕೂಗಾಟದ ನಂತರ. ಹೆಂಗಸರು ಪಾದ್ರಿಗಳಾಗಬಹುದು ಎಂದು ಅದರ ಶಾಸನಸಭೆಯಾದ ಜನರಲ್ ಸಿನೊಡ್ ತೀರ್ಮಾನಿಸಿದ್ದು 1992ರ ನವೆಂಬರಿನಲ್ಲಿ. 1994ರ ಮಾರ್ಚ್ 12ರಂದು ಬ್ರಿಸ್ಟಲ್‌ ಕ್ಯಾಥೆಡ್ರಲಿನಲ್ಲಿ ಮೊದಲ 32 ಮಂದಿಗೆ ದೀಕ್ಷೆಯಾಯಿತು. ಒಪ್ಪದ ಪ್ಯಾರಿಶ್‌ಗಳನ್ನು ನೋಡಿಕೊಳ್ಳಲು ಬೇರೆ ಬಿಷಪ್ಪರನ್ನೇ ನೇಮಿಸಿದರು. ಊರೂರು ಸುತ್ತುತ್ತಿದ್ದ ಅವರಿಗೆ ಜನ ‘ಫ್ಲೈಯಿಂಗ್ ಬಿಷಪ್’ ಅಂತ ಹೆಸರಿಟ್ಟರು. ಹೆಂಗಸರು ಪಾದ್ರಿಯಾದರೂ ಬಿಷಪ್ ಆಗುವಂತಿರಲಿಲ್ಲ. ಆ ಬಾಗಿಲು ತೆರೆಯಲು 2012ರ ನವೆಂಬರ್ 20ರಂದು ಮತ ಹಾಕಿದರು. ಸಿನೊಡ್‌ನ ಮೂರು ಮನೆಗಳಲ್ಲೂ (ವಿಭಾಗಗಳಲ್ಲೂ) ಮೂರನೇ ಎರಡರಷ್ಟು ಮತ ಬೇಕು. ಬಿಷಪ್ಪರ ಮನೆ ಒಪ್ಪಿತು, ಪಾದ್ರಿಗಳ ಮನೆ ಒಪ್ಪಿತು. ಸಾಮಾನ್ಯ ಸಭಿಕರ ಮನೆಯಲ್ಲಿ ಪರ 132, ವಿರೋಧ 74. ಆರು ಮತ ಕಡಿಮೆ ಬಿತ್ತು. ಪಾದ್ರಿಗಳನ್ನು ಪುರೋಹಿತಶಾಹಿ ಅಂತ ಬೈದು ಅಭ್ಯಾಸವಾದ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿ: ತಡೆದವರು ನಮ್ಮಂಥವರೇ.

ಆದರೆ ವಿರೋಧವಾಗಿ ಮತ ಹಾಕಿದವರಲ್ಲಿ ಕೆಲವರು ಹೆಂಗಸು ಬಿಷಪ್ ಆಗಬಾರದು ಅಂದವರಲ್ಲ. ಒಪ್ಪದವರಿಗೆ ಈ ಮಸೂದೆಯಲ್ಲಿ ನೆಲೆಯಿಲ್ಲ, ಹೀಗೆ ಗೆಲ್ಲುವುದು ಬೇಡ ಅಂದವರು. ಅವರ ಮೇಲೆ ನನಗೆ ಆಗ ಎಲ್ಲಿಲ್ಲದ ಸಿಟ್ಟಿತ್ತು. ಈಗ ಸ್ವಲ್ಪ ಇಳಿದಿದೆ. ಏಕೆಂದರೆ 2014ರ ಜುಲೈ 14ರಂದು ಅದೇ ಮನೆಯಲ್ಲಿ ಪರ 152, ವಿರೋಧ 45 ಮತ ಬಿದ್ದು ಕಾನೂನು ಪಾಸಾಯಿತು. ನಡುವೆ ಹೊಸದಾಗಿ ಸೇರಿದ್ದು ಐದು ಸೂತ್ರಗಳು. ಅವುಗಳ ಅನುಕ್ರಮ ನೋಡಬೇಕು. ಮೊದಲನೆಯದು, ಸಭೆಯ ಎಲ್ಲ ಸೇವೆಗಳೂ ಗಂಡು ಹೆಣ್ಣೆಂಬ ಭೇದವಿಲ್ಲದೆ ತೆರೆದಿವೆ, ಇದರಲ್ಲಿ ಅನುಮಾನವಿಲ್ಲ. ಎರಡನೆಯದು, ಸಭೆಯಲ್ಲಿ ಸೇವೆ ಮಾಡುವವರು ಯಾರೇ ಆಗಲಿ, ಈ ತೀರ್ಮಾನ ಆಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಇದಾದ ಮೇಲೆ, ಆತ್ಮಸಾಕ್ಷಿಯಿಂದ ಒಪ್ಪಲಾಗದವರೂ ಆಂಗ್ಲಿಕನ್ನರೇ (ಈ ಸಭಾಪರಂಪರೆಯವರೇ), ಅವರಿಗೂ ಇಲ್ಲಿ ಬೆಳೆಯಲು ಜಾಗ ಬೇಕು, ಅದಕ್ಕೆ ಗಡುವು ಹಾಕುವುದಿಲ್ಲ ಎಂಬ ಮಾತು.

ನನ್ನ ಉತ್ತರದ ಅರ್ಧ ಇಲ್ಲೇ ಇದೆ. ವಿನಾಯಿತಿ ಕೇಳುವವರು ‘ಆಕೆ ಬಿಷಪ್ಪೇ ಅಲ್ಲ’ ಅನ್ನುವಂತಿಲ್ಲ. ಕಾನೂನಿನ ಪ್ರಕಾರ ಆಕೆ ಬಿಷಪ್ಪೇ, ಆದರೆ ಆಕೆಯ ಕೈಯಿಂದ ಸಂಸ್ಕಾರ ತೆಗೆದುಕೊಳ್ಳಲು ನನ್ನ ಮನಸ್ಸು ಒಪ್ಪದು ಅನ್ನಬಹುದು. ಮೊದಲಿನ ಮಾತಿನ ಜೊತೆ ನಾನು ಇರಲಾರೆ. ಎರಡನೆಯದರ ಜೊತೆ ಇರಬಲ್ಲೆ, ಸುಖವಾಗಿ ಅಲ್ಲ.

ಮಡಿಯ ಪ್ರಶ್ನೆ ಮತ್ತೆ ಎದ್ದದ್ದು 2015ರ ಆರಂಭದಲ್ಲಿ. ಜನವರಿ 26ರಂದು ಯಾರ್ಕ್ ಮಿನ್‌ಸ್ಟರ್ ಎಂಬ ಕ್ಯಾಥೆಡ್ರಲಿನಲ್ಲಿ ಲಿಬ್ಬಿ ಲೇನ್ ಸ್ಟಾಕ್‌ಪೋರ್ಟಿನ ಬಿಷಪ್ ಆದರು, ಇಂಗ್ಲೆಂಡಿನ ಸಭೆಗೆ ಮೊದಲ ಮಹಿಳಾ ಬಿಷಪ್. ಯಾರ್ಕಿನ ಆರ್ಚ್‌ಬಿಷಪ್ ಜಾನ್ ಸೆಂಟಾಮು ಸಭೆಯ ಒಪ್ಪಿಗೆ ಕೇಳಿದಾಗ ಪಾದ್ರಿಯೊಬ್ಬರು ಮುಂದೆ ಬಂದು, ಇದು ಬೈಬಲಿನಲ್ಲಿಲ್ಲ ಅಂತ ಕೂಗಿದರು. ಸೆಂಟಾಮು ಕಾನೂನಿನ ಮಾತು ಓದಿ ಹೇಳಿ ಮತ್ತೆ ಕೇಳಿದರು, ಮಿನ್‌ಸ್ಟರ್ ತುಂಬ ಹೌದು ಅನ್ನುವ ಸದ್ದು. ಸರಿಯಾಗಿ ಒಂದು ವಾರದ ನಂತರ ಅದೇ ಜಾಗದಲ್ಲಿ ಫಿಲಿಪ್ ನಾರ್ತ್ ಬರ್ನ್ಲಿಯ ಬಿಷಪ್ ಆದರು. ಅವರು ಹೆಂಗಸರಿಗೆ ಪಾದ್ರಿಯ ದೀಕ್ಷೆ ಕೊಡದವರು. ಹೊಸ ಬಿಷಪ್ಪನ ತಲೆಯ ಮೇಲೆ ಅಲ್ಲಿದ್ದ ಬಿಷಪ್ಪರೆಲ್ಲ ಕೈಯಿಡುವುದು ರೂಢಿ. ಆ ದಿನ ಇಟ್ಟವರು ಮೂವರೇ. ಲಿಬ್ಬಿ ಲೇನ್ ತಲೆಯ ಮೇಲೆ ಕೈಯಿಟ್ಟಿದ್ದ ಸೆಂಟಾಮು ಅಲ್ಲೇ ಇದ್ದರೂ ಕೈ ಕಟ್ಟಿಕೊಂಡು ನಿಂತರು.

ಇಲ್ಲಿಯ ಪತ್ರಿಕೆಗಳು ಇದನ್ನು ‘ಸೋಂಕಿನ ದೇವತಾಶಾಸ್ತ್ರ’ ಎಂಬರ್ಥದ ಮಾತಿನಿಂದ ಕರೆದವು. ನಮಗೆ ಅಷ್ಟು ದೊಡ್ಡ ಮಾತು ಬೇಡ, ಮೈಲಿಗೆ ಅಂದರೆ ಮುಗಿಯಿತು. ಬಾವಿಕಟ್ಟೆ, ಬೇರೆ ಲೋಟ, ಮೇಲಿಂದ ಸುರಿಯುವ ನೀರು ಕಂಡ ನಾಡಿನಿಂದ ಬಂದವಳಿಗೆ ಆ ಚಿತ್ರದ ವಿವರಣೆ ಯಾರೂ ಕೊಡಬೇಕಾಗಿಲ್ಲ.

ಅದು ಮೈಲಿಗೆಯಲ್ಲ, ಅನುಮಾನ ಎನ್ನುವುದು ನಾರ್ತ್ ಥರದವರ ವಾದ. ಯೇಸುವಿನ ಶಿಷ್ಯರಾದ ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಸೇವೆಯನ್ನು ಬದಲಿಸುವುದಿದ್ದರೆ ರೋಮ್ (ಕ್ಯಾಥೋಲಿಕ್) ಮತ್ತು ಪೂರ್ವದ (ಆರ್ಥೊಡಾಕ್ಸ್) ಸಭೆಗಳ ಜೊತೆ ಸೇರಿ ಬದಲಿಸಬೇಕು, ನಾವೊಬ್ಬರೇ ಬದಲಿಸಿದರೆ ಈ ಸಂಸ್ಕಾರ ಸಂಸ್ಕಾರವೇ ಹೌದೋ ಅಂತ ಖಾತರಿಯಿಲ್ಲ, ಅಷ್ಟೇ. ಅಂದರೆ ಅವರೂ ಐಕ್ಯದ ಹೆಸರಿನಲ್ಲೇ ಮಾತಾಡುತ್ತಾರೆ! ಈ ಕಾರಣಕ್ಕೇ 2011ರಲ್ಲಿ ಕೆಲವರು, ಹಳೆಯ ಫ್ಲೈಯಿಂಗ್ ಬಿಷಪ್ಪರೂ ಸೇರಿ, ರೋಮಿಗೇ ಹೋಗಿಬಿಟ್ಟರು. ವಾದ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ರೋಮಿನ ಜೊತೆಗಿನ ಐಕ್ಯಕ್ಕೆ ಕಾಯಬೇಕು ಅನ್ನುವವರು ಮೆಥಡಿಸ್ಟರಂಥ ಪ್ರೊಟೆಸ್ಟಂಟರ ಜೊತೆಗಿನ ಐಕ್ಯ, ಅರ್ಧ ಸಭೆಯಾದ ಹೆಂಗಸರ ಜೊತೆಗಿನ ಐಕ್ಯ ಲೆಕ್ಕಕ್ಕಿಲ್ಲ ಅಂದ ಹಾಗಾಗುತ್ತದೆ.

ಇಷ್ಟಾದರೂ ನಾನು ಎದ್ದು ಹೋಗದಿರುವುದಕ್ಕೆ ಕಾರಣ ನಾನು ಹುಟ್ಟಿದ ಸಭೆ. ನಮ್ಮದು ಬಾಸೆಲ್ ಮಿಶನ್ ಮೂಲದ ಮನೆತನ, ಆಮೇಲೆ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಬಾಸೆಲ್ ಮಿಶನ್‌ನಲ್ಲಿ ಬಿಷಪ್ಪರೇ ಇರಲಿಲ್ಲ, ಇದ್ದವರು ಅಯ್ಯನವರು. ಅವರ ಹೆಂಡತಿ ಅಮ್ಮನವರು. (ಮುಂದೆ ಹೆಣ್ಣುಮಗಳೇ ಪಾದ್ರಿಯಾಗಿ ಬಂದಾಗ ಏನನ್ನಬೇಕು ಅಂತ ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ಚರ್ಚೆ ನಡೆದಿತ್ತು.) 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಸೇರಿ ಸಿಎಸ್‌ಐ ಆದಾಗ ಇದ್ದ ದೊಡ್ಡ ತೊಡಕು ಇದೇ: ಬಿಷಪ್ಪನ ಕೈ ತಲೆಯ ಮೇಲೆ ಬೀಳದ ಪಾದ್ರಿ ಕೊಡುವ ಸಂಸ್ಕಾರ ನಡೆಯುತ್ತದೋ? ಅವರಿಗೆ ಮತ್ತೆ ದೀಕ್ಷೆ ಬೇಡ, ಇದ್ದ ಹಾಗೇ ಸೇರಿಸಿಕೊಳ್ಳೋಣ ಅಂದರು. ಜೊತೆಗೆ ಒಂದು ಪ್ರತಿಜ್ಞೆ ಮಾಡಿದರು: ಆತ್ಮಸಾಕ್ಷಿಗೆ ಒಗ್ಗದ ಆರಾಧನಾ ಕ್ರಮವನ್ನಾಗಲಿ ಸಭಾಸೇವಕರನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲ.

ಅಂದರೆ ಇಂಗ್ಲೆಂಡಿನವರು 2014ರಲ್ಲಿ ಹೆಣಗಿ ಬರೆದ ಮಾತನ್ನು ನಮ್ಮ ಹಿರಿಯರು ಬೇರೆ ಜಗಳಕ್ಕೆ 1947ರಲ್ಲೇ ಬರೆದಿಟ್ಟಿದ್ದರು. ಆಗ ಅನುಮಾನಕ್ಕೆ ಗುರಿಯಾದವರು ನಾವು. 1948ರ ಲ್ಯಾಂಬೆತ್ ಸಮ್ಮೇಳನ, ಅಂದರೆ ಲೋಕದ ಆಂಗ್ಲಿಕನ್ ಬಿಷಪ್ಪರ ಕೂಟ, ನಮ್ಮನ್ನು ಪೂರ್ತಿ ಒಪ್ಪಲಿಲ್ಲ. ನಮ್ಮ ಎಷ್ಟೋ ಪಾದ್ರಿಗಳು ಇಲ್ಲಿಗೆ ಬಂದರೆ ಆಂಗ್ಲಿಕನ್ ಮೇಜಿನ ಮುಂದೆ ನಿಂತು ಸಂಸ್ಕಾರ ನಡೆಸುವಂತಿರಲಿಲ್ಲ. ಊರಿನಲ್ಲೂ ಎಲ್ಲರೂ ಒಪ್ಪಲಿಲ್ಲ. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ದೊಡ್ಡ ಪಾಲು ಸಿಎಸ್‌ಐ ಬೇಡ ಅಂತ ಹೊರಗೇ ಉಳಿದರು, ಎಪ್ಪತ್ತರ ದಶಕದವರೆಗೆ. ಅವರನ್ನು ಯಾರೂ ಕತ್ತು ಹಿಡಿದು ಎಳೆದು ತರಲಿಲ್ಲ.

2013ರ ಸೆಪ್ಟೆಂಬರಿನಲ್ಲಿ ಸಿಎಸ್‌ಐಗೆ ಮೊದಲ ಮಹಿಳಾ ಬಿಷಪ್ ಬಂದರು, ಇ. ಪುಷ್ಪಲಲಿತಾ. ಎಲ್ಲಿಗೆ? ಅದೇ ನಂದ್ಯಾಲಕ್ಕೆ. ಇಂಗ್ಲೆಂಡಿಗೆ ಲಿಬ್ಬಿ ಲೇನ್ ಬರಲು ಇನ್ನೂ ಹದಿನಾರು ತಿಂಗಳಿತ್ತು. ಇಲ್ಲಿ ಯಾರಾದರೂ ಭಾರತದ ಹೆಂಗಸರ ಬಗ್ಗೆ ಕನಿಕರದ ಧ್ವನಿ ತೆಗೆದರೆ ನಾನು ಈ ಎರಡು ತಾರೀಕು ಹೇಳಿ ಸುಮ್ಮನಾಗುತ್ತೇನೆ. ಹಾಗಂತ ಒಬ್ಬರನ್ನು ಬಿಷಪ್ ಮಾಡಿದ ಮಾತ್ರಕ್ಕೆ ನಮ್ಮ ಸಭೆಗಳ ಗಂಡಾಳಿಕೆ ಕರಗಿತು ಅಂತ ನಾನು ಹೇಳುವುದಿಲ್ಲ. ನಮ್ಮೂರಿನ ಸಭಾ ಕಮಿಟಿಯ ಚುನಾವಣೆ ನೋಡಿದವರು ಯಾರೂ ಹೇಳಲಾರರು.

ಈಗ ಲ್ಯಾಂಕಾಷೈರಿನಲ್ಲಿ ನಾನಿರುವ ಬ್ಲಾಕ್‌ಬರ್ನ್ ಸಭಾಪ್ರಾಂತಕ್ಕೆ 2023ರಿಂದ ಅದೇ ಫಿಲಿಪ್ ನಾರ್ತ್ ಬಿಷಪ್. ಅವರ ಕೈಕೆಳಗೆ ಲ್ಯಾಂಕಾಸ್ಟರಿನ ಬಿಷಪ್ ಆಗಿರುವವರು ಜಿಲ್ ಡಫ್, ಹೆಂಗಸು. ಕಾಗದದ ಮೇಲೆ ಇದು ಹುಚ್ಚಾಟ. ದಿನನಿತ್ಯದಲ್ಲಿ ನಡೆಯುತ್ತಿದೆ. ಅವರಿಬ್ಬರೂ ಬಡ ಪ್ಯಾರಿಶ್‌ಗಳ ಬಗ್ಗೆ ಒಂದೇ ಥರ ಮಾತಾಡುತ್ತಾರೆ, ನನಗೆ ಅದು ಸಣ್ಣ ಸಂಗತಿಯಲ್ಲ. ಆದರೆ ನಾರ್ತ್ ಅವರನ್ನು 2017ರಲ್ಲಿ ಶೆಫೀಲ್ಡಿಗೆ ಆರಿಸಿದಾಗ ವಿರೋಧ ಎಷ್ಟಾಯಿತೆಂದರೆ ಅವರೇ ಹಿಂದೆ ಸರಿದರು. ಅಲ್ಲಿಯ ಹೆಣ್ಣು ಪಾದ್ರಿಗಳು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು: ನಮ್ಮ ಸೇವೆಯನ್ನೇ ಅನುಮಾನಿಸುವವರು ನಮ್ಮನ್ನು ಕಾಯುವ ಕುರುಬರಾಗುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರ ನನಗೆ ಇನ್ನೂ ಯಾರಿಂದಲೂ ಸಿಕ್ಕಿಲ್ಲ. ಒಂದಂತೂ ಖಂಡಿತ ಬೇಕು: ಹೆಣ್ಣು ಪಾದ್ರಿ ಬೇಡವೆಂದು ನಿರ್ಣಯ ಮಾಡಿದ ಪ್ಯಾರಿಶ್ ಅದನ್ನು ಬಾಗಿಲಲ್ಲೇ ಬರೆದಿಡಲಿ. ಮಗಳನ್ನು ಕರೆದುಕೊಂಡು ಹೋಗುವ ತಾಯಿಗೆ ಆರು ತಿಂಗಳಾದ ಮೇಲೆ ಗೊತ್ತಾಗುವಂತೆ ಇರಬಾರದು.

ಮಲಾಲಿ ಅವರ ಹೆಸರು ಬಂದ ಎರಡೇ ವಾರದಲ್ಲಿ ಗಾಫ್ಕಾನ್ ಎಂಬ ಸಂಪ್ರದಾಯವಾದಿ ಆಂಗ್ಲಿಕನ್ನರ ಬಳಗ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕರೆಯುವ ಕೂಟಗಳಿಗೆ ತಾವು ಬರುವುದಿಲ್ಲ ಅಂದಿತು. ಅವರ ದೂರುಗಳಲ್ಲಿ ಹೆಂಗಸು ಎಂಬುದು ಒಂದು, ಸಲಿಂಗ ಜೋಡಿಗಳ ಆಶೀರ್ವಾದ ಅದಕ್ಕಿಂತ ದೊಡ್ಡದು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಬಿಟ್ಟು ಹೊರಟವರ ಜೊತೆ ಜಗಳವಾಡಲೂ ಆಗುವುದಿಲ್ಲ, ನಮ್ಮ ಅಜ್ಜನ ಜೊತೆ ಆಗುತ್ತದೆ. ಎರಡು ಸಲ ಆಡಿದ್ದೇನೆ, ಕಪ್ಪು ತೊಳೆಯುತ್ತಲೇ.

ಇದನ್ನೆಲ್ಲ ಮೌಶಿಗೆ ಹೇಳಿದೆ. ಅವಳಿಗೆ ಸಿನೊಡ್, ಸೂತ್ರ ಯಾವುದೂ ಬೇಕಿರಲಿಲ್ಲ.

“ಮತ್ತ ಆ ಮುದುಕಗ ಸಂಸ್ಕಾರ ಯಾರು ಕೊಡ್ತಾರ?”

ತಿಂಗಳಿಗೊಂದು ಗುರುವಾರ ನಿವೃತ್ತ ಪಾದ್ರಿಯೊಬ್ಬರು ಬರುತ್ತಾರೆ, ಅಂದೆ. ನಾಲ್ಕೈದು ಜನ ಸೇರುತ್ತಾರೆ. ಆ ದಿನ ಬೆಳಿಗ್ಗೆ ನಮ್ಮ ಸಭಾಪಾಲಕಿಯೇ ಬಂದು ಬೀಗ ತೆಗೆದು, ಹೀಟರ್ ಹಾಕಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ರೊಟ್ಟಿ ದ್ರಾಕ್ಷಾರಸ ಇಟ್ಟು ಹೋಗುತ್ತಾರೆ.

ಮೌಶಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹಂಗಾರ ಆಕೀನ ದೊಡ್ಡಾಕಿ.”

“ನನ್ನ ಸಿಟ್ಟೂ ಅದಕ್ಕ ಮೌಶಿ. ಯಾವಾಗ್ಲೂ ಆಕೀನ ಯಾಕ ದೊಡ್ಡಾಕಿ ಆಗಬೇಕು?”

“ತಡಿ ತಡಿ, ಹಂಚಿನ ಮ್ಯಾಲ ರೊಟ್ಟಿ ಐತಿ,” ಅಂದಳು ಮೌಶಿ, ಫೋನ್ ಇಟ್ಟಳು.